ಅವಳ ದಾರಿ ನನ್ನ ಪಾಲಿಗೆ ಬಂದದ್ದು

ನಾವು ಮೈಸೂರಿನ ಕೆಸರೆಯಲ್ಲಿದ್ದಷ್ಟು ದಿನವೂ ಮನೆಯಲ್ಲಿ ಮೊದಲು ಏಳುತ್ತಿದ್ದವಳು ನನ್ನ ಹೆಂಡತಿ. ಅವಳು ತಿ. ನರಸೀಪುರದಿಂದ ಆಚೆಗಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಟೀಚರು. ಕೆಸರೆಯಿಂದ ಸಿಟಿ ಬಸ್ಸು ಹಿಡಿದು ಸಬರ್ಬ್ ಸ್ಟ್ಯಾಂಡಿಗೆ, ಅಲ್ಲಿಂದ ನರಸೀಪುರಕ್ಕೆ, ಅಲ್ಲಿ ಇಳಿದು ಇನ್ನೊಂದು ಬಸ್ಸು, ದೊಡ್ಡ ರಸ್ತೆಯಲ್ಲಿರುವ ಹಳ್ಳಿಯ ಗೇಟಿನಲ್ಲಿ ಇಳಿದ ಮೇಲೆ ಎರಡು ಕಿಲೋಮೀಟರ್ ನಡಿಗೆ. ಸಂಜೆ ಇದೇ ದಾರಿ ತಿರುಗಾಮುರುಗಾ. ಹೀಗೆ ಹನ್ನೊಂದು ವರ್ಷ.

ನನ್ನ ಕೆಲಸ ಅರಸು ರೋಡಿನ ಪಕ್ಕದ ಗಲ್ಲಿಯಲ್ಲಿರುವ ಕನ್ನಡಕದ ಅಂಗಡಿಯಲ್ಲಿ. ಗಾಜನ್ನು ಉಜ್ಜಿ ಫ್ರೇಮಿಗೆ ಕೂರಿಸುವವನು ನಾನು. ಅಂಗಡಿ ತೆಗೆಯುವುದು ಹತ್ತು ಗಂಟೆಗೆ. ನಾನು ಎದ್ದು ಪೇಪರ್ ಓದಿ, ಅಮ್ಮನ ಜೊತೆ ತಿಂಡಿ ತಿಂದು, ಸ್ಕೂಟರಿನಲ್ಲಿ ಹೊರಟರೆ ಕಾಲು ಗಂಟೆಯಲ್ಲಿ ಅಂಗಡಿ. ಆ ಹೊತ್ತಿಗೆ ನನ್ನ ಹೆಂಡತಿ ಮೂರನೆಯ ಕ್ಲಾಸಿನ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿರುತ್ತಿದ್ದಳು. ಅವಳು ಮಾಡಿಟ್ಟು ಹೋದ ಉಪ್ಪಿಟ್ಟನ್ನು ನಾನು ಬಿಸಿ ಮಾಡಿಕೊಂಡು ತಿನ್ನುತ್ತಿದ್ದೆ. ಇದರಲ್ಲಿ ಏನೋ ಸರಿಯಿಲ್ಲ ಎಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ದೂರದ ಊರಿಗೆ ಕೆಲಸಕ್ಕೆ ಹೋಗುವವರು ಬೇಕಾದಷ್ಟು ಜನ ಇದ್ದಾರೆ, ಇವಳೂ ಹೋಗುತ್ತಾಳೆ, ಅಷ್ಟೆ.

ಮಗಳು ನರ್ಸಿಂಗ್ ಓದಲು ಹಾಸ್ಟೆಲಿಗೆ ಸೇರಿದ ವರ್ಷ ನಮ್ಮ ಅಂಗಡಿಯ ಯಜಮಾನರು ಒಂದು ಮಾತು ತೆಗೆದರು. ನನ್ನ ಹೆಂಡತಿ ಪಾಠ ಮಾಡುವ ಹಳ್ಳಿಯೇ ಅವರ ಮೂಲ ಊರು. ಅವರ ಅಜ್ಜನ ಕಾಲಕ್ಕೇ ಸಂಸಾರ ಮೈಸೂರಿಗೆ ಬಂದು ವ್ಯಾಪಾರಕ್ಕೆ ಇಳಿದಿತ್ತು. ಊರಿನಲ್ಲಿ ಉಳಿದಿದ್ದವರು ಅವರ ಚಿಕ್ಕಮ್ಮ ಒಬ್ಬರು. ಚಿಕ್ಕಮ್ಮನ ಮನೆಯ ಗೋಡೆಗೇ ಅಂಟಿಕೊಂಡು ಯಜಮಾನರ ಪಾಲಿನ ಹೆಂಚಿನ ಮನೆ ಖಾಲಿ ಬಿದ್ದಿತ್ತು. ನೀವು ಬಂದು ಇದ್ದರೆ ಗೆದ್ದಲಾದರೂ ಹೆದರಿಕೊಳ್ಳುತ್ತದೆ, ಶಾಲೆಗೂ ಐದೇ ನಿಮಿಷ, ಯೋಚನೆ ಮಾಡಿ ಎಂದರು.

ನನ್ನ ಹೆಂಡತಿಗೆ ಹೇಳಿದಾಗ ಅವಳು ಪಾತ್ರೆ ತೊಳೆಯುತ್ತಿದ್ದಳು. ಕೈ ನಿಲ್ಲಿಸಿ, ಆ ಮನೆಯ ಹಿತ್ತಲಿನಲ್ಲಿ ಒಂದು ನುಗ್ಗೆ ಮರ ಇದೆ ಎಂದಳು. ಶಾಲೆಗೆ ಹೋಗುವಾಗ ದಿನವೂ ಆ ಮನೆಯನ್ನು ನೋಡಿಕೊಂಡು ಹೋಗುತ್ತಿದ್ದಳೆಂದು ಆಗ ನನಗೆ ತಿಳಿಯಿತು.

ನಾನು ಒಂದೊಂದಾಗಿ ಅಡ್ಡಿಗಳನ್ನು ಮುಂದಿಟ್ಟೆ. ನನ್ನ ಅಂಗಡಿ ಏನಾಗಬೇಕು, ಅಷ್ಟು ದೂರ ದಿನಾ ಹೋಗಿ ಬರುವುದಕ್ಕೆ ಆಗುತ್ತದೆಯೇ ಎಂದೆ. ಹೀಗೆ ಕೇಳಿದ್ದು ಯಾರ ಮುಂದೆ ಎಂಬುದು ಕೂಡ ನನಗೆ ಹೊಳೆಯಲಿಲ್ಲ. ಅಮ್ಮನ ವಿಚಾರ ತೆಗೆದೆ. ಅಮ್ಮ ದಿನವೂ ಬೆಳಿಗ್ಗೆಯ ಪೂಜೆಗೆ ಚರ್ಚಿಗೆ ಹೋಗುವವಳು, ನಲವತ್ತು ವರ್ಷದಿಂದ ಅದೇ ಬೆಂಚು. ಆ ಹಳ್ಳಿಯ ಆಸುಪಾಸಿನಲ್ಲಿ ಚರ್ಚೇ ಇಲ್ಲ. ಹೆಂಡತಿ ಎಲ್ಲವನ್ನೂ ಕೇಳಿ, ಹೌದು, ಕಷ್ಟವೇ ಎಂದು ಮತ್ತೆ ಪಾತ್ರೆ ತೊಳೆದಳು. ಆ ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಎರಡು ತಿಂಗಳು ಕಳೆದಿರಬೇಕು. ನರಸೀಪುರದಲ್ಲಿ ಕಣ್ಣು ತಪಾಸಣೆಯ ಶಿಬಿರ ಇತ್ತು. ಕನ್ನಡಕದ ಅಳತೆ ತೆಗೆದುಕೊಳ್ಳಲು ಅಂಗಡಿಯಿಂದ ನನ್ನನ್ನು ಕಳಿಸಿದರು. ಸಂಜೆ ಶಿಬಿರ ಮುಗಿಸಿ, ಹೊರಡುತ್ತಿದ್ದ ಮೈಸೂರು ಬಸ್ಸಿಗೆ ಹಿಂದಿನ ಬಾಗಿಲಿನಿಂದ ಹೇಗೋ ಹತ್ತಿಕೊಂಡೆ. ಕಾಲಿಡಲೂ ಜಾಗವಿರಲಿಲ್ಲ. ಜನ ತಳ್ಳಿದ ಹಾಗೆಲ್ಲ ಮುಂದೆ ಮುಂದೆ ಹೋದೆ. ಮುಂದಿನ ಸೀಟೊಂದರಲ್ಲಿ ನನ್ನ ಹೆಂಡತಿ ಕೂತಿದ್ದಳು.

ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದಳು. ಕೂದಲಿನಲ್ಲಿ ಸೀಮೆಸುಣ್ಣದ ಪುಡಿ. ತಲೆ ಪಕ್ಕದ ಹೆಂಗಸಿನ ಹೆಗಲ ಮೇಲಿತ್ತು. ಆ ಹೆಂಗಸು ಬುರ್ಖಾ ಹಾಕಿದ್ದರು, ಕಾಲಿನ ಹತ್ತಿರ ಬಳೆಯ ದೊಡ್ಡ ಗಂಟು. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ನನ್ನ ಹೆಂಡತಿಯ ಹಣೆ ಮುಂದಿನ ಕಂಬಿಗೆ ಬಡಿಯದ ಹಾಗೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಅದನ್ನು ಯೋಚನೆ ಮಾಡಿ ಮಾಡುತ್ತಿರಲಿಲ್ಲ. ಕಿಟಕಿಯಿಂದ ಹೊರಗೆ ನೋಡುತ್ತಲೇ ಕೈ ತಾನಾಗಿ ಹೋಗುತ್ತಿತ್ತು.

ನಾನು ಹತ್ತಿರ ಹೋಗಿ ಹೆಂಡತಿಯನ್ನು ಕರೆಯಲು ಬಗ್ಗಿದೆ. ಆ ಹೆಂಗಸು ನನ್ನನ್ನು ತಡೆದರು.

"ಮಿಸ್ಸು ಮಲಗಿದಾರೆ ಕಣ್ರೀ, ಎಬ್ಬಿಸ್ಬೇಡಿ. ಸ್ಟ್ಯಾಂಡ್ ಬಂದ್ಮೇಲೆ ನಾನೇ ಎಬ್ಬಿಸ್ತೀನಿ. ದಿನಾ ನಾನೇ ಎಬ್ಬಿಸೋದು."

ನಾನು ಇವರ ಗಂಡ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ವರುಣ ಎಂಬ ಊರು ದಾಟಿತು, ಮೈಸೂರು ಹತ್ತಿರವಾಯಿತು, ನಾನು ಅವರಿಬ್ಬರ ಪಕ್ಕದಲ್ಲೇ ನಿಂತಿದ್ದೆ. ಮನೆಯಲ್ಲಿ ನಾನು ಅವಳ ನಿದ್ದೆಯನ್ನು ಹಾಗೆ ಕಾದದ್ದು ಯಾವತ್ತಾದರೂ ಇದೆಯೇ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಸ್ಟ್ಯಾಂಡಿನಲ್ಲಿ ಆ ಹೆಂಗಸು ಕೆನ್ನೆ ಮುಟ್ಟಿ ಎಬ್ಬಿಸಿದಾಗ ನನ್ನ ಹೆಂಡತಿ ಕಣ್ಣು ಬಿಟ್ಟು ಮೊದಲು ನೋಡಿದ್ದು ನನ್ನನ್ನು. ಗಾಬರಿಯಾಗಿ, ಅಮ್ಮನಿಗೆ ಏನಾದರೂ ಆಯಿತೇ ಎಂದು ಕೇಳಿದಳು. ಏನೂ ಇಲ್ಲ, ಶಿಬಿರಕ್ಕೆ ಬಂದಿದ್ದೆ ಎಂದೆ. ಬಳೆಯ ಹೆಂಗಸು ನಮ್ಮಿಬ್ಬರ ಮುಖ ನೋಡಿ ಅರ್ಥ ಮಾಡಿಕೊಂಡು, ನಕ್ಕು, ಗಂಟು ತಲೆಗೇರಿಸಿಕೊಂಡು ರಾಜೀವನಗರದ ಬಸ್ಸಿನ ಕಡೆ ಹೋದರು.

ಮನೆಗೆ ಹೋಗುವ ಸಿಟಿ ಬಸ್ಸಿನಲ್ಲಿ ನಾನೇ ಹೇಳಿದೆ. ಆ ಮನೆಗೆ ಹೋಗೋಣ, ಒಂದು ವರ್ಷ ನೋಡೋಣ, ಓಡಾಟ ನನ್ನ ಪಾಲಿಗಿರಲಿ. ಅವಳು ನಂಬಲಿಲ್ಲ. ನಿಮಗೆ ಬಸ್ಸಿನಲ್ಲಿ ಕೂತರೆ ತಲೆ ಸುತ್ತುತ್ತದೆ ಎಂದಳು. ಅಮ್ಮನೊಬ್ಬಳು ಒಪ್ಪಬೇಕಿತ್ತು. ಬೆಳಿಗ್ಗೆ ಪೂಜೆ ಮುಗಿಸಿಕೊಂಡು ಬಂದವಳನ್ನು ಕೂರಿಸಿ ಹೇಳಿದೆ. ಅಮ್ಮ ಜಪಸರವನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು.

"ಸೊಸೆ ಹನ್ನೊಂದು ವರ್ಷ ಕತ್ತಲೇಲಿ ಎದ್ದು ಹೋಗೋದನ್ನ ನಾನೂ ನೋಡಿದೀನಿ ಕಣೋ. ನೀನೇ ಹೇಳ್ಲಿ ಅಂತ ಸುಮ್ನಿದ್ದೆ. ಭಾನುವಾರ ಮಾತ್ರ ನನ್ನ ಚರ್ಚಿಗೆ ಕರ್ಕೊಂಬಾ, ಸಾಕು."

ಅಷ್ಟು ದೂರಕ್ಕೆ ಆಗದ ಹಳೆಯ ಸ್ಕೂಟರನ್ನು ಮಾರಿ, ಜೂನ್ ತಿಂಗಳು ಶಾಲೆ ಶುರುವಾಗುವ ಹೊತ್ತಿಗೆ ಹೋದೆವು. ಮೊದಲ ವಾರ ನನಗೆ ಹಬ್ಬದ ಹಾಗಿತ್ತು. ಗೇಟಿನ ತನಕ ನಡೆಯುವಾಗ ಎರಡೂ ಕಡೆ ಭತ್ತದ ಗದ್ದೆ, ಬಗ್ಗಿ ಸಸಿ ಮಡಿ ಮಾಡುವವರು ತಲೆಯೆತ್ತಿ, ಮಿಸ್ಸಿನ ಯಜಮಾನ್ರಾ ಎಂದು ಕೇಳುವರು. ನನ್ನ ಊರಿನಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಎರಡನೆಯ ವಾರಕ್ಕೆ ಮಳೆ ಹಿಡಿಯಿತು. ಗೇಟಿನಲ್ಲಿ ಬಸ್ಸು ನಿಲ್ಲದೆ ಹೋಯಿತು. ಮುಂದಿನದರಲ್ಲಿ ಒಂದು ಕಾಲಿನ ಮೇಲೆ ನಿಂತು ಹೋದೆ. ಅಂಗಡಿ ತಲುಪಿದಾಗ ಪ್ಯಾಂಟು ಮೊಣಕಾಲಿನವರೆಗೆ ಕೆಸರು, ಗಂಟೆ ಹನ್ನೊಂದು. ಮಧ್ಯಾಹ್ನ ಮೂರರ ಹೊತ್ತಿಗೆಲ್ಲ, ವಾಪಸ್ಸು ಬಸ್ಸು ಸಿಗುತ್ತದೋ ಇಲ್ಲವೋ ಎಂದು ಮನಸ್ಸು ಸ್ಟ್ಯಾಂಡಿಗೆ ಹೋಗಿ ನಿಂತುಬಿಡುತ್ತಿತ್ತು. ದೂರವೆಂದರೆ ಬಸ್ಸಿನಲ್ಲಿ ಕೂರುವ ಹೊತ್ತು ಮಾತ್ರ ಎಂದುಕೊಂಡಿದ್ದೆ. ಬಸ್ಸಿಗೆ ಮೊದಲಿನ ಆತಂಕ, ಬಸ್ಸಿನ ನಂತರದ ಸುಸ್ತು, ಯಾರ ಜೊತೆಯೂ ಎರಡು ಮಾತು ಹೆಚ್ಚಿಗೆ ಆಡಲಾಗದ ಅವಸರ, ಇವೆಲ್ಲ ಅದರ ಲೆಕ್ಕಕ್ಕೇ ಸೇರಿದವು.

ಆದರೆ ಬಸ್ಸಿನಲ್ಲಿ ನನಗೂ ಒಂದು ಬಳಗವಾಯಿತು. ಒಂದು ದಿನ ನಮ್ಮ ಕಂಡಕ್ಟರು ಚಿಲ್ಲರೆಯನ್ನು ಮಾರುದ್ದ ದೂರ ಹಿಡಿದು ನೋಡುತ್ತಿದ್ದರು. ಅವರ ಕನ್ನಡಕದ ಕಡ್ಡಿ ಸಡಿಲವಾಗಿ ಜೇಬು ಸೇರಿತ್ತು. ನನ್ನ ಬ್ಯಾಗಿನಲ್ಲಿ ಸಣ್ಣ ಸ್ಕ್ರೂಡ್ರೈವರ್ ಇದ್ದೇ ಇರುತ್ತದೆ. ನರಸೀಪುರದ ಸ್ಟ್ಯಾಂಡಿನಲ್ಲಿ ಬಿಗಿ ಮಾಡಿಕೊಟ್ಟೆ. ಅಲ್ಲಿಂದ ಮುಂದೆ ಗೇಟಿನಲ್ಲಿ ಬಸ್ಸು ನನಗಾಗಿ ನಿಲ್ಲತೊಡಗಿತು. ಜನ ಮುರಿದ ಫ್ರೇಮು, ಬಿದ್ದುಹೋದ ಮೂಗಿನ ಗುಂಡಿ ಎಲ್ಲವನ್ನೂ ಕರವಸ್ತ್ರದಲ್ಲಿ ಸುತ್ತಿ ತಂದುಕೊಟ್ಟರು. ಸಂಜೆಯ ಹೊತ್ತು ಮೈಸೂರಿನ ಸ್ಟ್ಯಾಂಡಿನಲ್ಲಿ ಬಳೆಯ ಹೆಂಗಸು ಎದುರಾದರೆ ಮಿಸ್ಸು ಹೇಗಿದಾರೆ ಎಂದು ಕೇಳುತ್ತಿದ್ದರು. ಚೆನ್ನಾಗಿ ನಿದ್ದೆ ಮಾಡ್ತಾರೆ ಎಂದರೆ ಅವರಿಗೆ ಬಹಳ ಸಂತೋಷ.

ಮನೆಯಲ್ಲಿ ಎಲ್ಲರಿಗಿಂತ ಬೇಗ ಒಗ್ಗಿಕೊಂಡವಳು ಅಮ್ಮ. ಯಜಮಾನರ ಚಿಕ್ಕಮ್ಮನಿಗೂ ಅವಳಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಅವರು ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆಗೆ ಕೂತರೆ ಇವಳು ಗೋಡೆಯ ಈಚೆ ಜಪಸರ ಹಿಡಿದು ಕೂರುವಳು. ಎರಡೂ ಮುಗಿದ ಮೇಲೆ ಜಗಲಿಯಲ್ಲಿ ಕಾಫಿ. ಈಸ್ಟರಿಗೆ ಮೊದಲು ಬರುವ ತಪಸ್ಸುಕಾಲದ ಮೊದಲ ಬುಧವಾರ ಅಮ್ಮನನ್ನು ಮೈಸೂರಿಗೆ ಕರೆದುಕೊಂಡು ಹೋಗಿದ್ದೆ. ಅಂದು ಚರ್ಚಿನಲ್ಲಿ ಗುರುಗಳು ಹಣೆಗೆ ಬೂದಿ ಹಚ್ಚುತ್ತಾರೆ. ಹಚ್ಚಿಸಿಕೊಂಡು ಹಾಗೇ ಬಸ್ಸಿನಲ್ಲಿ ಬಂದ ಅಮ್ಮನನ್ನು ನೋಡಿ ಚಿಕ್ಕಮ್ಮ, "ನೀವೂ ನಮ್ಮೋರೇ ಆಗ್ಬುಟ್ರಲ್ಲ ಕಣಮ್ಮ," ಎಂದರು. ಮಣ್ಣಿನಿಂದ ಬಂದವರು ಮಣ್ಣಿಗೇ ಹೋಗುತ್ತೇವೆ ಎಂದು ನೆನಪಿಸಲು ಹಚ್ಚುವುದು ಎಂದು ಅಮ್ಮ ವಿವರಿಸಿದಳು. ನಮ್ಮ ಮಠದಲ್ಲಿ ಹೇಳುವುದೂ ಸುಮಾರು ಅದೇ ಎಂದು ಚಿಕ್ಕಮ್ಮ ತಮ್ಮ ವಿಭೂತಿ ಗಟ್ಟಿ ತಂದು ತೋರಿಸಿದರು. ಅವರದು ನಮ್ಮದಕ್ಕಿಂತ ಬಿಳುಪು ಎಂದು ಅಮ್ಮ ನನ್ನ ಹತ್ತಿರ ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ಹೇಳಿದಳು.

ಹೆಂಡತಿಯೂ ಬೇರೆಯೇ ಆದಳು. ಮುಖ ತುಂಬಿಕೊಂಡಿತು. ಸಂಜೆ ನಾಲ್ಕೂವರೆಗೆ ಮನೆಗೆ ಬಂದು ಹಿತ್ತಲಿನಲ್ಲಿ ಕೂತು ಹಾಡು ಗುನುಗುತ್ತಿದ್ದಳು ಎಂದು ಅಮ್ಮ ಹೇಳುತ್ತಿದ್ದಳು. ನಾನು ಅದನ್ನು ಕೇಳಿದವನಲ್ಲ, ಆ ಹೊತ್ತಿಗೆ ಅಂಗಡಿಯಲ್ಲಿರುತ್ತಿದ್ದೆ.

ಎರಡನೆಯ ವರ್ಷ ನಾನು ಒಂದು ತಪ್ಪು ಮಾಡಿದೆ. ಒಂಟಿಕೊಪ್ಪಲಿನ ಒಬ್ಬ ವಯಸ್ಸಾದ ಹೆಂಗಸು ಎಷ್ಟೋ ವರ್ಷದಿಂದ ನಮ್ಮಲ್ಲೇ ಕನ್ನಡಕ ಮಾಡಿಸುವವರು. ಹೊಸದನ್ನು ತೆಗೆದುಕೊಂಡು ಹೋಗಿ ಮೂರನೆಯ ದಿನ ಮಗಳ ಕೈ ಹಿಡಿದು ವಾಪಸ್ಸು ಬಂದರು. ಮಂಡಿ ಊದಿಕೊಂಡಿತ್ತು.

"ಮೆಟ್ಟಿಲು ಇರೋ ಕಡೆ ಇಲ್ಲ ಅನ್ಸುತ್ತೆ, ಇಲ್ಲದ ಕಡೆ ಇದೆ ಅನ್ಸುತ್ತೆ ಕಣಪ್ಪ. ನನಗೇ ಏನೋ ಆಗಿದ್ಯೋ ಏನೋ."

ಅವರಿಗೆ ಏನೂ ಆಗಿರಲಿಲ್ಲ. ಬಲಗಣ್ಣಿನ ಗಾಜನ್ನು ಎಡಕ್ಕೂ ಎಡಗಣ್ಣಿನದನ್ನು ಬಲಕ್ಕೂ ನಾನು ಕೂರಿಸಿದ್ದೆ. ಆ ದಿನ ಬಸ್ಸಿನಲ್ಲಿ ಪೂರ್ತಿ ನಿಂತು ಬಂದು ಕಣ್ಣು ಎಳೆಯುತ್ತಿದ್ದಾಗ ಮಾಡಿದ ಕೆಲಸ ಅದು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ತಪ್ಪು ನನ್ನದು ಎಂದು ಅವರಿಗೆ ಹೇಳಿ, ಅವರನ್ನು ಅಲ್ಲೇ ಕೂರಿಸಿ ಸರಿಮಾಡಿಕೊಟ್ಟೆ. ಅವರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಮನೆಯಲ್ಲಿ ನಾನು ಇದನ್ನು ಹೇಳಲಿಲ್ಲ. ಆದರೆ ಯಜಮಾನರು ಫೋನಿನಲ್ಲಿ ಚಿಕ್ಕಮ್ಮನಿಗೆ ಹೇಳಿದರು, ಚಿಕ್ಕಮ್ಮ ಹಿತ್ತಲ ಗೋಡೆಯ ಮೇಲಿಂದ ಅಮ್ಮನಿಗೆ ಹೇಳಿದರು, ಅಮ್ಮ ಸೊಸೆಗೆ ಹೇಳಿದಳು. ಭಾನುವಾರ ಚರ್ಚಿನಿಂದ ಬಂದ ಮೇಲೆ ಹೆಂಡತಿ ನನ್ನನ್ನು ಹಿತ್ತಲಿಗೆ ಕರೆದಳು. ನುಗ್ಗೆಕಾಯಿ ಕೀಳುವ ನೆಪ.

"ರೀ, ವಾಪಸ್ಸು ಕೆಸರೆಗೆ ಹೋಗೋಣ. ನನಗೆ ಓಡಾಡಿ ಅಭ್ಯಾಸ ಇದೆ."

"ಅಭ್ಯಾಸ ಅನ್ನೋದು ಸುಳ್ಳು ಅಂತ ನನಗೆ ಈಗ ಗೊತ್ತಾಗಿದೆ ಕಣೇ," ಎಂದೆ. "ನೀನು ಅದನ್ನ ಹನ್ನೊಂದು ವರ್ಷ ಹೇಳಿದೆ, ನಾನು ನಂಬಿದೆ."

ಅವಳು ಅತ್ತಳು. ಅವಳು ಹಾಗೆ ಅತ್ತದ್ದನ್ನು ನಾನು ನೋಡಿದ್ದು ಕಡಿಮೆ. ಆ ವರ್ಷಗಳಲ್ಲಿ ಮಗಳಿಗೆ ಜ್ವರ ಬಂದ ದಿನವೂ ಬಸ್ಸು ಹತ್ತಿದ್ದು, ಒಮ್ಮೆ ನಿದ್ದೆಯಲ್ಲಿ ಡಿಪೋದ ತನಕ ಹೋಗಿಬಿಟ್ಟದ್ದು, ನನಗೆ ಹೇಳದೆ ಉಳಿಸಿಕೊಂಡ ಎಷ್ಟೋ ಸಂಗತಿಗಳನ್ನು ಅವತ್ತು ಹೇಳಿದಳು. ನಾನೂ ನನ್ನದನ್ನು ಹೇಳಿದೆ. ಬಸ್ಸು ಇಬ್ಬರಿಗೂ ಗೊತ್ತಿದ್ದರಿಂದ ಯಾರೂ ಯಾರಿಗೂ ಏನನ್ನೂ ವಿವರಿಸಬೇಕಾಗಲಿಲ್ಲ.

ದಾರಿ ತೋರಿಸಿದ್ದು ಯಜಮಾನರ ಚಿಕ್ಕಮ್ಮ. ನರಸೀಪುರದ ಆಸ್ಪತ್ರೆಯಲ್ಲಿ ಕಣ್ಣು ಪರೀಕ್ಷೆ ಮಾಡಿಸಿಕೊಂಡು ಬಂದು ನಂಬರಿನ ಚೀಟಿಯನ್ನು ಸಕ್ಕರೆ ಡಬ್ಬಿಯ ಕೆಳಗಿಟ್ಟು ಅವರಿಗೆ ಒಂದೂವರೆ ವರ್ಷವಾಗಿತ್ತು. ಕನ್ನಡಕ ಮಾಡಿಸಲು ಮೈಸೂರಿಗೆ ಹೋಗಬೇಕು, ಹೋದರೆ ಮತ್ತೆ ಅದನ್ನು ತರಲು ಹೋಗಬೇಕು, ಯಾರು ಹೋಗುತ್ತಾರೆ, ದಿನಾ ಸುಸ್ತಾಗಿ ಬರುವ ನಿನಗೆ ಹೇಗೆ ಹೇಳಲಿ ಎಂದರು. ಅಂಥ ಚೀಟಿ ಪ್ರತಿ ಮನೆಯಲ್ಲೂ ಇದೆ, ನಿನ್ನ ಅಂಗಡಿಗೆ ಗೊತ್ತಿಲ್ಲ ಅಷ್ಟೆ ಎಂದರು. ನನ್ನನ್ನು ಸುಸ್ತು ಮಾಡಿದ ದೂರವೇ ಆ ಊರಿನವರನ್ನು ಮಸುಕಿನಲ್ಲಿ ಕೂರಿಸಿತ್ತು.

ಯಜಮಾನರ ಮುಂದೆ ಹೋಗಿ ನಿಂತು ಕೇಳಿದೆ. ವಾರಕ್ಕೆ ಮೂರು ದಿನ ಅಂಗಡಿಯಲ್ಲಿ ಕೆಲಸ, ಉಳಿದ ಮೂರು ದಿನ ಹಳ್ಳಿಗಳಲ್ಲಿ ಚೀಟಿ ನೋಡಿ ಅಳತೆ ತೆಗೆದು, ಮುಂದಿನ ಸಲ ಹೋದಾಗ ಮಾಡಿ ತಂದುಕೊಡುವುದು. ಅವರು ಬಹಳ ಹೊತ್ತು ಕನ್ನಡಕ ಒರೆಸುತ್ತಾ ಕೂತು, ಕೊನೆಗೆ, ನಮ್ಮೂರಿನವರಿಗೆ ಮೊದಲು ಮಾಡು ಎಂದರು. ಸಂಬಳ ಸ್ವಲ್ಪ ತಗ್ಗಿತು. ತಲೆ ಸುತ್ತುವುದೂ ತಗ್ಗಿತು. ಊರಿನಲ್ಲಿ ನಾನು ಮಾಡಿಕೊಟ್ಟ ಮೊದಲ ಕನ್ನಡಕ ಚಿಕ್ಕಮ್ಮನದು. ಹಾಕಿಕೊಂಡು ಅಮ್ಮನ ಮುಖವನ್ನು ಹತ್ತಿರದಿಂದ ನೋಡಿ, ಇಷ್ಟು ಸುಕ್ಕು ಇದೆ ಅಂತ ಗೊತ್ತೇ ಇರಲಿಲ್ಲ ಎಂದರು. ಅಮ್ಮ ಎರಡು ದಿನ ಅವರ ಜಗಲಿಗೆ ಕಾಫಿಗೆ ಹೋಗಲಿಲ್ಲ.

ಈಗಲೂ ಅಲ್ಲೇ ಇದ್ದೇವೆ. ಮೈಸೂರು ಬೇಡವೆನ್ನಿಸಿದೆ ಎಂದಲ್ಲ. ಮೂರು ದಿನ ಹೋದಾಗ ಮೈಸೂರಿನ ಮೇಲೆ ಮೊದಲಿಗಿಂತ ಪ್ರೀತಿಯೇ ಹೆಚ್ಚು ಬರುತ್ತದೆ. ಮಗಳು ಓದು ಮುಗಿಸಿ ಮೈಸೂರಿನಲ್ಲೇ ಕೆಲಸಕ್ಕೆ ಸೇರಿದರೆ ಮತ್ತೆ ಕೂತು ಯೋಚಿಸಬೇಕಾಗಬಹುದು.

ಹೊಸ ಏರ್ಪಾಡು ಶುರುವಾದ ಮೊದಲ ಬುಧವಾರ ನಮ್ಮೂರಿನಲ್ಲೇ ಅಳತೆ ತೆಗೆಯುವ ದಿನ, ನಾನು ಮನೆಯಲ್ಲಿದ್ದೆ. ಮಧ್ಯಾಹ್ನ ಒಂದೂವರೆಗೆ ಹೆಂಡತಿ ಶಾಲೆಯಿಂದ ಊಟಕ್ಕೆ ಬಂದಳು. ನಾನೇ ಮುದ್ದೆ ಮಾಡಿದ್ದೆ, ಒಳಗೆ ಗಂಟು ಉಳಿದಿತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ಶಾಲೆಯಿರುವ ದಿನ ಮಧ್ಯಾಹ್ನ ನಾವಿಬ್ಬರೂ ಎದುರುಬದುರು ಕೂತು ಉಂಡದ್ದು ಅವತ್ತೇ ಮೊದಲು. ಅವಳು ಗಂಟುಗಳನ್ನೆಲ್ಲ ಬೆರಳಲ್ಲಿ ಒಡೆದು ಸಾರಿನಲ್ಲಿ ಅದ್ದಿ ತಿಂದು, ಇನ್ನೊಂದು ಚೂರು ಹಾಕಿ ಎಂದು ತಟ್ಟೆ ಮುಂದೆ ಮಾಡಿದಳು.