ಬಿಯರ್ ಬಾಟಲಿಗೆ ಇಂಗಿನ ಹೊಗೆ

ಶಿವಾಜಿನಗರದಲ್ಲಿ ಹಳೇ ಬಾಟಲಿ ವ್ಯಾಪಾರ ಅಂದರೆ ಈಗ ಹೆಚ್ಚುಕಮ್ಮಿ ಮುಗಿದ ಕತೆ. ನನ್ನ ಅಂಗಡಿ ಉಳಿಯಬಹುದು ಅನ್ನಿಸಿದ್ದು ಇಂದಿರಾನಗರದ ಒಬ್ಬ ಗಿರಾಕಿಯಿಂದ. ಆತ ಮನೆಯಲ್ಲೇ ಬಿಯರ್ ಮಾಡುವವನು. ಕೊಳೆ, ವಾಸನೆ ಇಲ್ಲದ ಬಾಟಲಿ ಕೊಟ್ಟರೆ ತನ್ನ ಗೆಳೆಯರೂ ನನ್ನ ಹತ್ತಿರವೇ ಕೊಳ್ಳುತ್ತಾರೆ ಅಂದಿದ್ದ.

ಬಾಟಲಿಗಳನ್ನು ಸೋಡಾಪುಡಿಯಲ್ಲಿ ನೆನೆಸಿ, ಬ್ರಷ್ಷಿನಿಂದ ಉಜ್ಜಿ, ಹಬೆಯಲ್ಲಿಟ್ಟು, ಮನೆಯ ತಾರಸಿಯಲ್ಲಿ ಬೋರಲು ಹಾಕಿ ಅಂಗಡಿಗೆ ಹೋದೆ. ಮಾರನೇ ದಿನ ಅವನ ಮನೆಗೆ ಮುಟ್ಟಿಸಿದೆ. ಆತ ಒಂದನ್ನು ಮೂಸಿದ, ಇನ್ನೊಂದನ್ನು ಮೂಸಿದ.

"ಅಣ್ಣಾ, ಇದ್ರಲ್ಲಿ ಬಿಯರ್ ತುಂಬಿದ್ರೆ ತಿಳಿಸಾರಾಗುತ್ತೆ. ಇಂಗು ಹೊಡೀತಿದೆ."

ನಾನೂ ಮೂಸಿದೆ. ನೆಗಡಿಯಿಂದ ಕಟ್ಟಿದ್ದ ಮೂಗಿಗೆ ಏನೂ ತಿಳಿಯಲಿಲ್ಲ.

"ಮತ್ತೆ ತೊಳೆದು ಕೊಡ್ತೀನಿ."

"ಬೇಡಣ್ಣಾ. ಬಿಯರ್ ಇವತ್ತೇ ತುಂಬಬೇಕು. ಹೊಸ ಬಾಟಲೀನೇ ತಗೋತೀವಿ ಬಿಡಿ, ಎಲ್ರೂ."

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ.

"ಬರೀ ಹಬೇಲಿಟ್ರೆ ಬೂಷ್ಟು ಹಿಡಿಯಲ್ವಾ ರೀ? ಉಪ್ಪಿನಕಾಯಿ ಭರಣಿಗೆ ಮಾಡೋ ಹಾಗೇ ಕೆಂಡದ ಮೇಲೆ ಇಂಗು ಹಾಕಿ, ಎಲ್ಲಕ್ಕೂ ಹೊಗೆ ಕೊಟ್ಟೆ. ಗಿರಾಕಿ ನಿಲ್ಲಲಿ ಅಂತ."

ಇಡೀ ದಿನ ಹೊಗೆ ಕುಡಿದು ಅವಳ ಕಣ್ಣು ಇನ್ನೂ ಕೆಂಪಗಿತ್ತು.

ಅಂಗಡಿಯ ಬಾಗಿಲು ಹಾಕುವ ವಾರ ಆ ಬಾಟಲಿಗಳನ್ನು ಕಗ್ಗದಾಸಪುರದ ಮಸಾಲೆ ಮಜ್ಜಿಗೆಯವನು ಕೊಂಡ. ಅವನೂ ಒಂದನ್ನು ಮೂಸಿ ನೋಡಿಯೇ ಚೌಕಾಸಿಗೆ ಇಳಿದ. ಇಂಗು ಸಾಲದಂತೆ.