ಕನಸು ಕೇಳೋ ವಕೀಲಮ್ಮ

ಸಿರಾದ ಶಮೀಮ್ ವಕೀಲಮ್ಮ ಯಾವ ಮಗು ಕಂಡ್ರೂ ಮೊದ್ಲು ಹೆಸ್ರು ಕೇಳ್ತಿರ್ಲಿಲ್ಲ. ಕಣ್ ಮುಚ್ಕಂಡು, "ರಾತ್ರಿ ಏನ್ ಕನ್ಸು ಬಿತ್ತು ಬೇಟಾ?" ಅನ್ನೋರು. ಮಗು ಹೇಳಿ ಮುಗ್ಸೋಗಂಟ ಕಣ್ ಬುಡ್ತಿರ್ಲಿಲ್ಲ. ಬಿಳೀ ಸೀರೆ, ಮ್ಯಾಲೊಂದು ಕರೀ ಕೋಟು, ಕೋಟಿನ ಜೇಬು ತುಂಬ ಹುರಿದ ಕಡ್ಲೆಕಾಯಿ. ನಡುದ್ರೆ ಜೇಬು ಗಲಗಲ ಅನ್ನೋದು.

"ಏನ್ ವಕೀಲಮ್ಮ, ಕೋರ್ಟ್ನಾಗೂ ಇಂಗೇ ನಿದ್ದೆ ಹೊಡೀತೀರಾ?" ಅಂತ ಕೆಣಕಿದೆ ಒಂದಪ.

"ಅರೆ ಅಕ್ಕಾ, ಎಲ್ರೂ ಮಲಗಿದ್ರೆ ಕೇಸ್ ನಡ್ಸೋರ್ ಯಾರು? ನಾನೊಬ್ಳಾದ್ರೂ ಎದ್ದಿರ್ಬೇಕಲ್ಲ" ಅಂದ್ರು.

ನಮ್ದು ತೋವಿನಕೆರೆ ಕಡೆ, ಕುರಿ ಸಾಕೋ ಮನೆ. ಅಪ್ಪ ಅಮ್ಮ ಇಬ್ರೂ ಇಲ್ಲದ ಚಂದ್ರಿ ಅನ್ನೋ ಹೆಣ್ಮಗೂನ ಸರ್ಕಾರದೋರು ಸಾಕೋಕೆ ಅಂತ ನಮ್ಮನೇಲಿ ಬುಟ್ಟಿದ್ರು. ಕಾಗ್ದದಾಗೆ ಸಾಕ್ತಾಯಿ ನನ್ ಸೊಸೆ. ಮುದ್ ಮಾಡಿ ಕೆಡ್ಸೋಳು ನಾನು. ಅವಳ ತಮ್ಮ ಮಂಜ ಮಾತ್ರ ದೂರದ ಊರಿನ ಬಾಲಮಂದಿರದಾಗೇ ಉಳ್ಕಂಡ. ಗಂಡ್ಮಕ್ಕಳು ಬ್ಯಾರೆ, ಹೆಣ್ಮಕ್ಕಳು ಬ್ಯಾರೆ ಅಂತೆ. ಚಂದ್ರಿ ದಿನಾ ತಟ್ಟೇಲಿ ಅರ್ಧ ಮುದ್ದೆ ಬುಟ್ಟು ಏಳೋಳು. "ಯಾಕಮ್ಮಿ?" ಅಂದ್ರೆ, "ಮಂಜಂಗೆ" ಅನ್ನೋಳು.

ವಕೀಲಮ್ಮ ಈ ಇಬ್ರುನ್ನ ಮುಂದಿಟ್ಕಂಡು ಹೈಕೋರ್ಟ್ನಾಗೆ ಕೇಸ್ ಹಾಕಿದ್ರು. ಮಕ್ಕಳ ಪರ ನಿಂತೋಳು ಅಂತ ನನ್ ಹೆಸ್ರು. ಆದ್ರೆ ಕೇಸು ನಮ್ಮಿಬ್ರು ಮಕ್ಕಳದಲ್ಲ, ಸರ್ಕಾರದ ಕೈಯಾಗಿರೋ ಅಷ್ಟೂ ಮಕ್ಕಳದು. ಒಡಹುಟ್ಟಿದೋರ್ನ ಅಗಲಿಸ್ಬಾರ್ದು, ಸಾಕೋ ಮನೆಗಳ್ಗೆ ಬಂದ್ ಬಂದ್ ನೋಡ್ಬೇಕು, ಎಲ್ಲಿರ್ತೀಯಾ ಅಂತ ಮಗೂನೂ ಒಂದ್ ಮಾತು ಕೇಳ್ಬೇಕು, ಅಂತ.

ಅದುಕ್ಕೇ ಅವ್ರು ಮಧುಗಿರಿ, ಪಾವಗಡ ಅಂತ ಬಸ್ಸಿನಾಗೆ ಓಡಾಡ್ಕಂಡು ಮಕ್ಕಳ ಕನ್ಸು ಕೇಳೋರು. ಪಾವಗಡದ ಹುಡ್ಗಿ ಒಬ್ಳು, "ಮಾ ಅಣ್ಣ ವಚ್ಚಿನಾಡು, ಮಾತಾಡ್ದೆ ಹೋಗ್ಬುಟ್ಟ" ಅಂದ್ಲಂತೆ, ಅರ್ಧ ತೆಲುಗು ಅರ್ಧ ಕನ್ನಡ. ಕನ್ಸಿನಾಗೆ ಅವಳ ಅಣ್ಣ ಬಂದಿದ್ನಂತೆ. ಅದ್ನ ನಂಗೆ ಹೇಳ್ತಾ ವಕೀಲಮ್ಮ, "ಕನ್ಸೇ ಬೀಳ್ದಂಗೆ ನಿದ್ದೆ ಬರ್ತದಲ್ಲ ಅಕ್ಕಾ, ಮಕ್ಕಳಿಗೆ ಅದೇ ಮನೆ" ಅಂದ್ರು.

ಒಂದಿನ ಆಫೀಸರ್ ಒಬ್ರು ನಮ್ಮನೆಗ್ ಬಂದ್ರು. "ಅಜ್ಜಿ, ನಾಳೇನೇ ಮಂಜನ್ನ ಕರ್ಕಂಡ್ ಹೋಗಿ. ನಮ್ದೇನೂ ದೂರಿಲ್ಲ, ಕೇಸ್ ವಾಪಸ್ ತಗತೀವಿ ಅಂತ ಅಲ್ಲೇ ಒಂದ್ ಸೈನ್ ಹಾಕ್ಬುಡಿ" ಅಂದ್ರು.

ನಾನು ಸಿರಾಕ್ಕೆ ಓಡ್ದೆ. ವಕೀಲಮ್ಮ ಕಡ್ಲೆಕಾಯಿ ಸುಲಿಯೋದ್ ನಿಲ್ಸಿದ್ರು.

"ಕರ್ಕಂಡ್ ಬಾ ಅಕ್ಕಾ. ಮಗು ಸಿಗ್ತದೆ ಅಂದ್ರೆ ಬ್ಯಾಡ ಅನ್ನೋಕೆ ನಾನ್ಯಾರು?"

"ಮಿಕ್ಕಿದ್ ಮಕ್ಕಳು?"

"ಇನ್ನೊಬ್ಳು ಅಜ್ಜೀನ ಹುಡುಕ್ತೀನಿ." ಅವತ್ತು ಅವ್ರು ಕಣ್ ಮುಚ್ಲಿಲ್ಲ. ಕಿಟಕಿ ಆಚೆ ನೋಡ್ತಾ ಕುಂತಿದ್ರು.

ಮಾರ್ನೆ ದಿನ ಬಸ್ ಹತ್ತಿದೆ. ಇಬ್ಬನಿ ಕವಿದಿತ್ತು. ಚನ್ನರಾಯನದುರ್ಗದ ಬೆಟ್ಟ ಮಲಗಿರೋ ಟಗರಿನಂಗೆ ತೇಲ್ತಿತ್ತು. ನಾನೇ ನಿದ್ದೆನಾಗೆ ಹೋಗ್ತಿದ್ದೀನೇನೋ ಅನ್ನುಸ್ತು.

ಬಾಲಮಂದಿರದ ಗೇಟ್ತಾವ ಮಂಜ ಬಟ್ಟೆ ಗಂಟು ಹಿಡ್ಕಂಡು ರೆಡಿಯಾಗಿ ನಿಂತಿದ್ದ. ಆಫೀಸರ್ರು ಪೆನ್ನು ಕೊಟ್ರು. ನಮ್ಮಲ್ಲಿ ದೊಡ್ಡಿಯಿಂದ ಒಂದ್ ಕುರಿ ಮಾರಿದ್ರೆ, ಅದ್ರ ಮೈಯಿಂದ ಚೂರು ತುಪ್ಪಟದ ಉಣ್ಣೆ ಕಿತ್ತು ದೊಡ್ಡಿ ಬಾಗ್ಲಿಗೆ ಸಿಗಿಸ್ತೀವಿ, ಉಳಿದೋವು ಅರಚ್ಬಾರ್ದು ಅಂತ. ಕೈ ಸುಮ್ಕಿರ್ತದಾ? ಮಂಜನ ಸ್ವೆಟರ್ನಿಂದ ಒಂದೆಳೆ ಕಿತ್ತು ಗೇಟಿಗೆ ಕಟ್ಬುಟ್ಟೆ.

"ಅದ್ಯಾಕಜ್ಜಿ?" ಅಂದ ಹಿಂದ್ಲಿಂದ ಒಬ್ಬ ಹುಡ್ಗ.

"ನೀವು ಅಳ್ಬಾರ್ದು ಅಂತ ಕಣ್ಲಾ."

ಅವನು ಅಂಗಿ ಚುಂಗು ನನ್ ಮುಂದಕ್ಕೆ ಹಿಡ್ದ. "ನಮ್ಮಕ್ಕ ಮಧುಗಿರೀಲವ್ಳೆ. ನಂದೂ ಒಂದೆಳೆ ಕಿತ್ಕೊ. ಅವಳ್ಗೆ ಕೊಡು."

ಅವನ ಹಿಂದೆ ಇನ್ನೊಬ್ಬ ಹಿಡ್ದ. ಅವನ ಪಕ್ಕ ಮತ್ತೊಬ್ಬ. ಕೆಂಪು, ನೀಲಿ, ಮಾಸಲು ಬಿಳಿ. ಕೀಳ್ತಾ ಕೀಳ್ತಾ ನನ್ ಮುಷ್ಟಿ ತುಂಬ್ತು. ಪೆನ್ನು ಹಿಡಿಯೋಕೆ ಕೈಯಾಗೆ ಜಾಗ ಇರ್ಲಿಲ್ಲ.

ಪೆನ್ನು ವಾಪಸ್ ಕೊಟ್ಬುಟ್ಟೆ. "ಇನ್ನೊಂದಷ್ಟ್ ದಿನ ತಡ್ಕೊ ಮಗಾ" ಅಂದೆ. ಮಂಜ ಗಂಟು ಎತ್ಕಂಡು ಒಳಿಕ್ಕೋದ. ಮನೇಲಿ ಚಂದ್ರಿ ನನ್ ಪಕ್ಕ ಯಾರೂ ಇಲ್ದಿರೋದ್ ನೋಡಿ, ಅವತ್ತು ಅರ್ಧ ಅಲ್ಲ, ಇಡೀ ಮುದ್ದೇನೇ ಬುಟ್ಟು ಎದ್ಲು.

ಆ ಎಳೆಗಳ್ನ ವಕೀಲಮ್ಮನ ಮಡ್ಲಿಗೆ ಸುರುದೆ. ಬೈಯ್ತಾರೆ ಅಂದ್ಕಂಡಿದ್ದೆ. ಅವ್ರು ಕಣ್ ಮುಚ್ಚಿದ್ರು. ರೆಪ್ಪೆ ಒದ್ದೆ ಆಗಿತ್ತು. "ಪಾಗಲ್ ಅಜ್ಜಿ" ಅಂದು, ಎಲ್ಲಾನೂ ಬಾಚಿ ಕಡ್ಲೆಕಾಯಿ ಜೇಬಿಗೇ ತುಂಬ್ಕಂಡ್ರು. ಆ ಜೇಬಿನ ಸಮೇತ ಕೋರ್ಟಿಗೆ ಹೋದ್ರು.

ಎಷ್ಟೋ ವಾಯ್ದೆ ಆದ್ಮ್ಯಾಲೆ, ಕೇಸ್ ಮುಗಿಯೋಗಂಟ ಕಾಯೋದ್ ಬ್ಯಾಡ, ಈಗ್ಲೇ ಒಡಹುಟ್ಟಿದೋರ್ನ ಒಟ್ಟಿಗಿಡ್ಬೇಕು ಅಂತ ಆರ್ಡರ್ ಬಂತು. ಅವರೆಕಾಯಿ ಕಾಲಕ್ಕೆ ಮಂಜ ಬಂದ. ಮಧುಗಿರಿ ಅಕ್ಕನ ತಾವಕ್ಕೆ ಮೊದ್ಲು ಎಳೆ ಕೊಟ್ಟಿದ್ದ ಹುಡ್ಗಾನೂ ಹೋದ್ನಂತೆ.

ವಕೀಲಮ್ಮ ಅವರೇಕಾಳ್ ಸಾರು ಉಣ್ಣೋಕೆ ಬಂದಿದ್ದೇ ಕಡೇ ಸಲಿ. ಜಗಲಿ ಮ್ಯಾಲೆ ಕುಂತು, "ಅಕ್ಕಾ, ನಿಂಗ್ಯಾವ ಕನ್ಸು?" ಅಂದ್ರು.

"ನೀವೇ ಬಂದಿದ್ರಿ. ನಮ್ ಕುರಿ ಕಾಯೋಕೆ ಬುಟ್ರೆ ಕಣ್ ಮುಚ್ಕಂಡ್ ಕುಂತಿದ್ರಿ. ಕುರಿ ಎಲ್ಲಾ ತಪ್ಪುಸ್ಕಂಡ್ವು!"

ಜೇಬು ಗಲಗಲ ಅನ್ನಂಗೆ ನಕ್ರು. ಬ್ಯಾಸ್ಗೇಲಿ, ಮಲಗಿದ್ದಂಗೇ ಹೋಗ್ಬುಟ್ರು. ಕೇಸ್ ಇನ್ನೂ ನಡೀತೈತೆ, ಬ್ಯಾರೆ ವಕೀಲ್ರು ನೋಡ್ತಾವ್ರೆ.

ಮಂಜ ಬಂದ ಹೊಸ್ತ್ರಲ್ಲಿ ನಿದ್ದೇಲಿ ಚೀರೋನು. ಬೆಳಿಗ್ಗೆ ಎದ್ರೆ ಒಂದೊಂದ್ ಗೇಟಿನ ಕನ್ಸು ಹೇಳೋನು. ಇವತ್ತೂ ಕೇಳ್ದೆ, "ಏನ್ ಕನ್ಸು ಬಿತ್ಲಾ?"

ಮುದ್ದೆ ಮುರ್ಕಂಡು ಬಾಯಿಗಿಕ್ಕಂಡ. "ಏನೂ ಬೀಳ್ಲಿಲ್ಲ ಕಣಜ್ಜಿ."

"ಇನ್ನೊಂದ್ ಸಲಿ ಹೇಳ್ಲಾ" ಅಂದೆ. ಸಿರಾ ಕಡೆ ತಿರುಗ್ಕಂಡು ಕಣ್ ಮುಚ್ಕಂಡೆ.