ಒಡಪಿನೊಳಗಿನ ಇಂಗ್ಲಿಷ್

ನನ್ನ ಸೊಸಿ ಭಾಗ್ಯಜ್ಯೋತಿ ಬಸವನ ಬಾಗೇವಾಡಿ ಕಡೆಯವಳು. ಮದುವೆಯಾಗಿ ನಮ್ಮ ತಾಂಬಾಕ್ಕೆ ಬಂದ ದಿನ ಓಣಿಯ ಹೆಂಗಸರೆಲ್ಲ ಹೊಸ್ತಿಲಿಗೆ ಅಡ್ಡ ನಿಂತು, "ಒಡಪು ಹೇಳದ ಒಳಗ ಬಿಡೂದಿಲ್ಲವಾ" ಅಂತ ಹಟ ಹಿಡಿದರು. ನಮ್ಮ ಕಡೆ ಗಂಡನ ಹೆಸರನ್ನು ಸೀದಾ ಬಾಯಲ್ಲಿ ತರುವ ರೂಢಿಯಿಲ್ಲ. ಎರಡು ಸಾಲಿನ ಪ್ರಾಸ ಕಟ್ಟಿ ಅದರೊಳಗೆ ಹೆಸರು ಕೂಡಿಸಿ ಹೇಳಬೇಕು. ಅದೇ ಒಡಪು. ಉಳಿದ ಸೊಸೆಯರು ತವರಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಪ್ಪಿಸುತ್ತಾರೆ. ಈಕಿ ನನ್ನ ಕೈಯಲ್ಲಿದ್ದ ಆರತಿ ತಟ್ಟೆಯನ್ನೊಮ್ಮೆ ನೋಡಿ, ನಿಂತ ನಿಲುವಿನಲ್ಲೇ ಹೊಸದೊಂದು ಕಟ್ಟಿ ಹೇಳಿಬಿಟ್ಟಳು. "ಸಿದ್ದವ್ವಾ, ನಿನ್ನ ಸೊಸಿ ಬಾಯಿ ಜೋರೈತಿ, ಹುಷಾರಿರು" ಅಂತ ನನ್ನ ನೆಗೆಣ್ಣಿ ಅಲ್ಲೇ ಚುಚ್ಚಿದಳು.

ಬಿ.ಎಡ್. ಮುಗಿಸಿ ಬಂದವಳು. ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲಿ, ಆದರೆ ಕಲಿಸಿದರೆ ಇಂಗ್ಲಿಷನ್ನೇ ಕಲಿಸಬೇಕು ಅನ್ನೋ ಹಟ. ಹೋದ ವರ್ಷ ಮುದ್ದೇಬಿಹಾಳದ ಒಂದು ಸಾಲಿಗೆ ಸಂದರ್ಶನಕ್ಕೆ ಹೋಗಿ ಸಪ್ಪೆ ಮುಖ ಮಾಡಿಕೊಂಡು ತಿರುಗಿ ಬಂದಳು.

"ದೊಡ್ಡ ದೊಡ್ಡ ಶಬ್ದ ಕೇಳಿದ್ರು ಅತ್ತ್ಯಾರ. ಅರ್ಥ ಎಲ್ಲಾ ಹೇಳಿದೆ. ವಾಕ್ಯದಾಗ ಹಾಕಿ ಹೇಳ್ರಿ ಅಂದ್ರು ನೋಡ್ರಿ, ಬಾಯಿ ಕಟ್ಟಿಬಿಡ್ತು."

ಈ ವರ್ಷ ಸಿಂದಗಿಯ ಒಂದು ಹೆಣ್ಣುಮಕ್ಕಳ ಸಾಲಿಯಲ್ಲಿ ಜಾಗ ಇತ್ತು. ಸಂದರ್ಶನದಲ್ಲಿ ಒಂದು ಶಬ್ದ ಕೊಡುತ್ತಾರೆ, ಅದನ್ನು ಮಕ್ಕಳಿಗೆ ಕಲಿಸಿ ತೋರಿಸಬೇಕು. "ಇದೂ ಆಗಲಿಲ್ಲಂದ್ರ ಮುಗೀತು, ಅಂಗಡ್ಯಾಗ ಕೂತು ಬಿಲ್ ಬರೀತೇನಿ" ಅಂದಳು. ನನ್ನ ಮಗ ಅನಿಲನದು ಬೋರಿನ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿ. ಆಕಿ ಅಲ್ಲಿ ಕೂತು ಬಿಲ್ ಬರೆಯುವುದು ನನಗೇ ಬೇಡವಾಗಿತ್ತು.

ಇಂಡಿಯಲ್ಲಿ ಹೃಷೀಕೇಶ ಸರ್ ಅಂತ ಒಬ್ಬರು ಇಂಗ್ಲಿಷ್ ಕ್ಲಾಸ್ ನಡೆಸುತ್ತಾರೆ. ಅಲ್ಲಿಗೆ ಹೋಗತೊಡಗಿದಳು. ಮುಂಜಾನೆ ನಾನು ಆಕಿಯ ಕೂಸನ್ನು ಆಡಿಸುತ್ತ ಕೂತಿದ್ದರೆ, ಆಕಿ ರೊಟ್ಟಿ ಬಡಿಯುತ್ತ ಅಲ್ಲಿ ಕೊಟ್ಟ ಶಬ್ದಗಳನ್ನು ಬಾಯೊಳಗೇ ಮೆಲುಕು ಹಾಕುತ್ತಿದ್ದಳು. ಒಂದು ದಿನ ಕೇಳಿದೆ, "ಏನವಾ ಅದು, ಮೆಟಿಕ್ಯುಲಸ್ ಅಂದ್ರ?"

"ಸಣ್ಣದೊಂದನ್ನೂ ಬಿಡದಂಗ, ಒಪ್ಪವಾಗಿ ಮಾಡವ್ರು" ಅಂದಳು. ಅಷ್ಟಕ್ಕೆ ಸುಮ್ಮನಿರಲಿಲ್ಲ. ನಾನು ಪಲ್ಯ ಆರಿಸುತ್ತಿದ್ದೆ. ಅದನ್ನೇ ನೋಡಿ ಹಾಡಿದಳು:

"ಮೆಂತ್ಯ ಪಲ್ಯ ಆರಸೂದ್ರಾಗ ಮೆಟಿಕ್ಯುಲಸ್ ನಮ್ಮತ್ತಿ,
ಅನಿಲ ಅವರ ಹೆಸರ ಹೇಳಿ ದೀಪಕ್ಕ ಹಾಕೇನಿ ಬತ್ತಿ."

"ನನಗ ಬೈದಿಯೋ, ಹೊಗಳಿದಿಯೋ?"

"ಹೊಗಳೇನ್ರಿ ಅತ್ತ್ಯಾರ. ಬೈಯೂ ಶಬ್ದ ನಾಳೆ ಐತಿ" ಅಂತ ನಕ್ಕಳು.

ಅಂದಿನಿಂದ ಅದೇ ದಾರಿ ಹಿಡಿದಳು. ರೆಸಿಲಿಯಂಟ್ ಅಂದರೆ ಎಷ್ಟೇ ಕಷ್ಟ ಬಂದರೂ ಬಾಗಿ ಮತ್ತೆ ಎದ್ದು ನಿಲ್ಲುವುದಂತೆ. "ಕರಿಮಣ್ಣಾಗಿನ ಬಿಳಿಜೋಳ ರೆಸಿಲಿಯಂಟ್, ಮಳಿ ಇಲ್ದಿದ್ರೂ ತೆನಿ, ಅನಿಲ ಅವರ ಹೆಸರ ಹೇಳಿ ಹೊಕ್ಕೇನಿ ನಾ ಮನಿ." ಒಡಪು ಕಟ್ಟಿದ ಮೇಲೆ ಅದನ್ನೇ ಇಂಗ್ಲಿಷಿಗೆ ತಿರುವಿ, ಕಣ್ಣು ಮುಚ್ಚಿ ಹೇಳಿಕೊಳ್ಳುತ್ತಿದ್ದಳು. ಯಾವ ಶಬ್ದ ಕೇಳಿದರೂ ವಾಕ್ಯ ಸರಾಗ ಬರತೊಡಗಿತು. ನನಗೂ ಒಂದಿಷ್ಟು ತಿಳಿಯತೊಡಗಿತು.

ಆದರೆ ಇಂಡಿಯ ಕ್ಲಾಸಿನಲ್ಲಿ ಪರೀಕ್ಷೆ ಇಟ್ಟ ದಿನ ಮುಖ ಕೆಂಪಗೆ ಮಾಡಿಕೊಂಡು ಬಂದಳು. ಆಕಿಯ ಹಾಳೆಯನ್ನು ಸರ್ ಎಲ್ಲರ ಮುಂದೆ ಓದಿದ್ದರು. ಜೋಳದ ವಾಕ್ಯ ಮುಗಿದರೂ ಅನಿಲ, ಪಲ್ಯದ ವಾಕ್ಯ ಮುಗಿದರೂ ಅನಿಲ. ಹೆಸರು ಬರುವವರೆಗೆ ವಾಕ್ಯ ಮುಗಿದಂತೆ ಆಕಿಗೆ ಅನಿಸುತ್ತಲೇ ಇರಲಿಲ್ಲ. ಕೈ ತಾನಾಗಿ ಬರೆದುಬಿಟ್ಟಿತ್ತು.

"ಯಾರ್ರಿ ಈ ಅನಿಲ? ಜ್ವಾಳದಾಗೂ ಅದಾನ, ಪಲ್ಯಾದಾಗೂ ಅದಾನ!" ಅಂತ ಸರ್ ಕೇಳಿದರಂತೆ.

"ನಮ್ಮ ಮನಿಯವ್ರು ರೀ."

"ಹಾಳಿ ತುಂಬ ಹೆಸರ ಬರದೀರಿ, ಬಾಯಿಲೆ ಹೇಳಾಕ ನಾಚಿಕಿ?"

ಕ್ಲಾಸಿಗೆ ಕ್ಲಾಸೇ ನಕ್ಕಿತಂತೆ. ಕೇಳಿ ಅನಿಲನೂ ನಕ್ಕ. ಆಕಿ ಮಾತ್ರ ನಗಲಿಲ್ಲ. ಒಡಪು ಕಟ್ಟುವುದನ್ನೇ ಬಿಟ್ಟಳು. ಸರ್ ಕೊಟ್ಟ ಅರ್ಥವನ್ನು ಕೊಟ್ಟ ಹಾಗೆ ಉರು ಹೊಡೆಯತೊಡಗಿದಳು. ರೊಟ್ಟಿ ಬಡಿಯುವಾಗ ಈಗ ಬರೀ ಅವೇ ಅರ್ಥ ಕೇಳುತ್ತಿದ್ದವು. ಅದು ನನಗೆ ಸರಿಬರಲಿಲ್ಲ, ಆದರೂ ಓದಿದವರ ವಿಷಯ ಅಂತ ಬಾಯಿ ಹಾಕಲಿಲ್ಲ.

ಸಿಂದಗಿಗೆ ಹೋಗುವ ದಿನ ಕೂಸನ್ನು ಎತ್ತಿಕೊಂಡು ನಾನೂ ಬಸ್ಸು ಹತ್ತಿದೆ. ವರ್ಗದ ಹೊರಗೆ ಕಿಟಕಿಯ ಬದಿಗೆ ನನಗೆ ಕುರ್ಚಿ ಹಾಕಿಕೊಟ್ಟರು. ಒಳಗೆ ಆರನೇ ಇಯತ್ತೆಯ ಹುಡುಗಿಯರು. ಹಿಂದಿನ ಬೆಂಚಿನಲ್ಲಿ ಮುಖ್ಯೋಪಾಧ್ಯಾಯಿನಿ ಮುಕ್ತಾಬಾಯಿ. ಚೀಟಿಯಲ್ಲಿ ಬಂದ ಶಬ್ದ ರಿಲಕ್ಟಂಟ್. ಭಾಗ್ಯಜ್ಯೋತಿ ಹಲಗೆಯ ಮೇಲೆ ಇಂಗ್ಲಿಷಿನಲ್ಲೇ ಅರ್ಥ ಬರೆದು, ಓದಿ, ತಿರುಗಿ ನಿಂತಳು. ವಾಕ್ಯ ಮಾಡಿರಿ ಅಂದರೆ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾನೇ ಒಂದು ಹೇಳಹೋಗಿ ಅರ್ಧಕ್ಕೇ ನಿಂತಳು. ಮುದ್ದೇಬಿಹಾಳದಲ್ಲಿ ಹೀಗೇ ಆಗಿರಬೇಕು ಅಂದುಕೊಂಡೆ. ಮುಕ್ತಾಬಾಯಿ ಪೆನ್ನು ತೆಗೆದರು.

ಆಕಿ ಹಲಗೆಗೆ ಬರೆಯುತ್ತಿದ್ದ ಖಡು ಕೆಳಗಿಟ್ಟಳು. "ನಿಮ್ಮ ಮನ್ಯಾಗ ಒಡಪು ಯಾರ್ಯಾರು ಹೇಳ್ತಾರ?"

ಕೈಗಳು ಎದ್ದವು. "ನಮ್ಮವ್ವ ರೀ!" "ನಮ್ಮ ಅಕ್ಕ ರೀ ಮಿಸ್!"

"ರಿಲಕ್ಟಂಟ್ ಅಂದ್ರ ಮನಸ್ಸಿಲ್ಲದ, ಹಿಂದ ಹಿಂದ ಸರಿಯೂದು. ಹೊಸ ಹೋರಿ ನೊಗಕ್ಕ ಹೆಗಲು ಕೊಡೂದಿಲ್ಲಲಾ, ಹಂಗ. ಈ ಶಬ್ದ ಇಟ್ಟು ಒಂದೊಂದು ಒಡಪು ಕಟ್ರಿ ನೋಡೂಣು."

ಮುಂದಿನ ಬೆಂಚಿನ ಹುಡುಗಿ ಎದ್ದಳು. "ನಮಗ ಗಂಡ ಎಲ್ಲಿ ಅದಾನ್ರಿ ಮಿಸ್? ಯಾರ ಹೆಸರ ಹಾಕೂನ್ರಿ?"

ವರ್ಗವೆಲ್ಲ ಕಿಸಕ್ಕನೆ ನಕ್ಕಿತು. ಭಾಗ್ಯಜ್ಯೋತಿಯೂ ನಕ್ಕಳು. ಆಮೇಲೆ ಅಂದಳು, "ಗಂಡ ಯಾಕ ಬೇಕು? ನಿಮಗ ಹೆಸರಿಲ್ಲೇನು? ನಿಮ್ಮ ಹೆಸರ ಹಾಕ್ರಿ."

ಮೊದಲು ಕಟ್ಟಿದವಳು ಮೆಹರಾಜ ಅನ್ನೋ ಹುಡುಗಿ:

"ಗಣಿತದ ವರ್ಗಕ್ಕ ಹೋಗಾಕ ರಿಲಕ್ಟಂಟ್ ನನ್ನ ಕಾಲು,
ಮೆಹರಾಜ ಅಂತಾರ ನನಗ, ಆಟಕ್ಕಂದ್ರ ಮೊದಲ ಸಾಲು."

ಚಪ್ಪಾಳೆ ಬಿತ್ತು. ಆಮೇಲೆ ಒಬ್ಬೊಬ್ಬರ ಒಡಪನ್ನೂ ಹಿಡಿದು ಇಂಗ್ಲಿಷಿಗೆ ತಿರುವಿಸಿದಳು. "ಮೈ ಲೆಗ್ಸ್ ಆರ್ ರಿಲಕ್ಟಂಟ್" ಅಂತ ಮೆಹರಾಜ ಕಾಲು ಕುಣಿಸುತ್ತ ಹೇಳಿದ್ದಕ್ಕೆ ನನ್ನ ತೊಡೆಯ ಮೇಲಿನ ಕೂಸೂ ಕೇಕೆ ಹಾಕಿತು.

ಮುಕ್ತಾಬಾಯಿ ನಗಲಿಲ್ಲ. ಹೊರಗೆ ಬಂದು, ನನ್ನ ಕುರ್ಚಿಯ ಪಕ್ಕದಲ್ಲೇ ನಿಂತು ಹೇಳಿದರು, "ಕನ್ನಡ ಜಾಸ್ತಿ ಆತು. ಉಚ್ಚಾರನೂ ತಿದ್ದಬೇಕಾಗ್ತದ."

"ಉಚ್ಚಾರ ತಿದ್ದಿಕೋತೇನ್ರಿ ಬಾಯಾರ. ಕನ್ನಡದಾಗ ಶುರು ಮಾಡೂದು ಮಾತ್ರ ಬಿಡೂದಿಲ್ರಿ. ಹುಡುಗ್ಯಾರಿಗೆ ಬಂದದೋ ಇಲ್ಲೋ, ಈಗ ಒಳಗ ಹೋಗಿ ನೀವ ಕೇಳ್ರಿ."

ಅವರು ಒಳಗೆ ಹೋಗಿ ಇಂಗ್ಲಿಷಿನಲ್ಲೇ ಕೇಳಿದರು. ಯಾರನ್ನು ಕೇಳಿದರೂ ಉತ್ತರ ಬಂತು. ತಿರುಗಿ ಬಂದು ಆಕಿಯನ್ನೊಮ್ಮೆ ದಿಟ್ಟಿಸಿ ನೋಡಿ, ಅದೇ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಅವರ ಕೈ ಕೂಸಿನ ಕಡೆ ಹೋದದ್ದು ನೋಡಿ, ಕೂಸನ್ನು ಬಿಟ್ಟು ತಾಂಬಾದಿಂದ ದಿನಾ ಬರುವುದು ಹೇಗೆ ಅಂತ ಇರಬೇಕು ಅಂದುಕೊಂಡೆ.

ನನ್ನ ಸೊಸಿ ಸೆರಗು ಸರಿಮಾಡಿಕೊಂಡು ಉತ್ತರ ಕೊಟ್ಟಳು. ಉದ್ದನೆಯ ಉತ್ತರ. ನನಗೆ ಅದರಲ್ಲಿ ಅರ್ಧವೂ ತಿಳಿಯಲಿಲ್ಲ. ಆದರೆ ಮೊದಲಿನಿಂದ ಕೊನೆಯವರೆಗೆ ಎಲ್ಲಿಯೂ ತಡವರಿಸಲಿಲ್ಲ.

"ಜೂನ್‌ನಿಂದ ಬರ್ರಿ" ಅಂದರು ಮುಕ್ತಾಬಾಯಿ.